ಊರಗಾಡಿ ಕಾಣೆಯಾದದ್ದು

ದುರ್ಗಾಳ ಫೋನು ಬಾಯಿ ಹೊಲಿದುಕೊಂಡು ಬಿದ್ದಿತ್ತು. ರೊಟ್ಟಿ ಬಡಿಯುವಾಗ ಹಿಟ್ಟಿನ ಡಬ್ಬಿಯ ಮೇಲೆ, ಬಟ್ಟೆ ಒಗೆಯುವಾಗ ನಲ್ಲಿಯ ಪಕ್ಕದ ಗೋಡೆಯ ಮೇಲೆ, ಎಲ್ಲಿಟ್ಟರೂ ಕಣ್ಣೆದುರಿಗೇ ಇರುತ್ತಿತ್ತು. ಕೂಗುತ್ತಿರಲಿಲ್ಲ ಅಷ್ಟೆ. ಆ ಫೋನಿಗೆ ಬರುತ್ತಿದ್ದ ಕರೆಗಳು ಎಂಥವೆಂದು ಗೊತ್ತಿದ್ದವರು, ಬಾರದಿದ್ದರೇ ಒಳ್ಳೆಯದಲ್ಲವೇ ಅಂದಾರು. ಸತ್ತವರ ಕಡೆಯಿಂದ ಬರುವ ಕರೆಗಳು ಅವು.

"ಯಾರೂ ಸತ್ತಿಲ್ಲಂದ್ರ ಛಲೋನ ಆತಲ್ಲಲೇ" ಅಂದ ಗಂಡ ಅವ್ವಣ್ಣ, ವ್ಯಾನಿನ ಹಿಂಬಾಗಿಲ ಕೀಲಿಗೆ ಎಣ್ಣೆ ಬಿಡುತ್ತ.

"ಪುಣ್ಯಾದಾಗ ಕಟ್ಟಡ ಏಳೂದು ನಿಂತದೇನ್ರಿ? ನಮ್ಮ ಮಂದಿ ಬೀಳೂದೂ ನಿಂತಿಲ್ಲ. ಬಿದ್ದವ್ರನ್ನ ಯಾರೋ ಒಯ್ಯಾಕತ್ತಾರ. ನಮ್ಮನ್ನ ಕರೀವಲ್ರು, ಅಷ್ಟ."

ಅವ್ವಣ್ಣ ಎಣ್ಣೆ ಬಿಟ್ಟ ಕೀಲಿಗೇ ಮತ್ತೆ ಎಣ್ಣೆ ಬಿಟ್ಟ.

ಪುಣೆಯ ವಾರಜೆಯ ಕೂಲಿ ಬಸ್ತಿಯ ಬಾಯಿಗೆ ನಿಂತಿರುತ್ತಿದ್ದ ಆ ಹಳೆಯ ವ್ಯಾನಿನ ಮೈಮೇಲೆ ‘ಊರಗಾಡಿ’ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆಸಿದ್ದರು. ಕಟ್ಟಡದಿಂದ ಬಿದ್ದು, ಕರೆಂಟು ಹಿಡಿದು, ಮಣ್ಣು ಕುಸಿದು ಸತ್ತ ಯಾದಗಿರಿ, ಕಲಬುರಗಿ, ರಾಯಚೂರು ಕಡೆಯ ಕೂಲಿಯವರ ಹೆಣವನ್ನು ಊರಿಗೆ ಮುಟ್ಟಿಸುವ ಗಾಡಿ ಅದು. ಓಡಿಸುವವನು ಅವ್ವಣ್ಣ. ಫೋನು ಹೆಂಡತಿಯದು. ನೋಡುವವರಿಗೆ ಗಾಡಿಯೇ ದೊಡ್ಡದಾಗಿ ಕಾಣುತ್ತಿತ್ತು. ಕೆಲಸವೆಲ್ಲ ಇದ್ದದ್ದು ಫೋನಿನಲ್ಲಿ. ಎತ್ತಿದ ಕೂಡಲೇ ದುರ್ಗಾ ಕೇಳುತ್ತಿದ್ದಳು: "ಪೊಲೀಸ್ರು ಬಂದು ಪಂಚನಾಮೆ ಬರಕೊಂಡ್ರೇನು?" ಇಲ್ಲ ಅಂದರೆ ಅವಳ ದನಿ ಏರುತ್ತಿತ್ತು. "ಹಂಗಾರ ಹೆಣ ಅಲ್ಲೇ ಇರ್ಲಿ. ಮುಕಾದಮ ಅಳ್ತಾನ, ಕಾಲು ಹಿಡೀತಾನ, ಗಾಡಿ ನಾನ ಕೊಡ್ತೀನಂತಾನ. ಎತ್ತಗೊಡಬ್ಯಾಡ್ರಿ. ಮೊದಲ ಪಂಚನಾಮೆ, ಆಮ್ಯಾಲ ದವಾಖಾನ್ಯಾಗ ಕೊಯ್ದು ನೋಡಿ ಕಾಗದ ಕೊಡ್ಬೇಕು. ಊರು ಆಮ್ಯಾಲ."

ಕೂಲಿಯವರ ಮೇಸ್ತ್ರಿಯಾದ ಮುಕಾದಮನಿಗೂ ಅವನ ಮೇಲಿನ ಗುತ್ತಿಗೆದಾರನಿಗೂ ಹೆಣ ಎಷ್ಟು ಬೇಗ ಗಡಿಯ ಸೊಲ್ಲಾಪುರ ದಾಟುತ್ತದೋ ಅಷ್ಟು ನೆಮ್ಮದಿ. ಕಾಗದವಿಲ್ಲದೆ ಮಣ್ಣಾದವನು ಕಟ್ಟಡದಿಂದ ಬಿದ್ದು ಸತ್ತವನಲ್ಲ, ಊರಲ್ಲಿ ಜ್ವರ ಬಂದು ಸತ್ತವನು. ಅವನ ಹೆಂಡತಿಗೆ ಪರಿಹಾರವಿಲ್ಲ, ಅವನ ಧಣಿಯ ಮೇಲೆ ಕೇಸಿಲ್ಲ.

ಇದನ್ನು ದುರ್ಗಾ ಸಭೆ ಸಮ್ಮೇಳನದಲ್ಲಿ ಕುಳಿತು ಕಲಿತವಳಲ್ಲ. ಸುರಪುರದ ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಕೋಥರೂಡ, ಬಾಣೇರ ಎಂದು ಮಹಡಿ ಮಹಡಿಗೆ ಉಸುಕು ಹೊತ್ತವಳು. ಜೊತೆಗೆ ದುಡಿಯಲು ಬಂದ ತಮ್ಮ ಕಿಶೋರ ಸ್ಲ್ಯಾಬಿನಿಂದ ಬಿದ್ದ. ಮುಕಾದಮ ಅವನನ್ನು ಪ್ಲಾಸ್ಟಿಕ್ ತಾಡಪತ್ರಿಯಲ್ಲಿ ಸುತ್ತಿ, ತರಕಾರಿ ಟೆಂಪೋಗೆ ಹಾಕಿಸಿ, "ತಾಯಿ ಮಾರಿ ನೋಡ್ಲಿ, ಲಗೂನ ಒಯ್ರಿ" ಎಂದು ಕಳಿಸಿಕೊಟ್ಟ. ದುರ್ಗಾ ಅವನಿಗೆ ಕೈಮುಗಿದೇ ಟೆಂಪೋ ಹತ್ತಿದ್ದಳು. ಮುಂದೆ ಕಾರ್ಮಿಕ ಕಚೇರಿಗೆ ಹೋದಾಗ ಸಾಹೇಬ ಕೇಳಿದ: ಕೊಯ್ದು ನೋಡಿದ ಕಾಗದ ಎಲ್ಲಿ? ಊರಲ್ಲಿ ಹೂಳುವ ಮಂದಿ ಇವರು, ಸುಡುವವರಲ್ಲ. ಮಣ್ಣು ತೆಗೆಸಿ ಈಗಲೂ ನೋಡಿಸಬಹುದು ಎಂದು ಒಬ್ಬ ವಕೀಲ ಹೇಳಿದ್ದ. ಅವಳ ತಾಯಿ ಬಾಗಿಲಿಗೆ ಅಡ್ಡ ಮಲಗಿದಳು. ಮಲಗಿದವನನ್ನು ಎಬ್ಬಿಸಬೇಡಿರಿ ಅಂದಳು. ಅಲ್ಲಿಗೆ ಕಿಶೋರನ ಕತೆ ಮುಗಿಯಿತು.

ಆ ದಿನಗಳಲ್ಲಿ ಬಾಡಿಗೆ ಟೆಂಪೋ ಓಡಿಸಿ ಬದುಕುತ್ತಿದ್ದ ಅವ್ವಣ್ಣನಿಗೆ, ಕಟ್ಟಡ ಕೂಲಿಕಾರರ ಸಂಘದವರ ಬೆನ್ನು ಹತ್ತಿ, ಎಸೆಯಲಿಟ್ಟಿದ್ದ ಒಂದು ಆಂಬುಲೆನ್ಸು ಕೊಡಿಸಿದವಳು ಅವಳೇ. ವೆಬ್‌ಸೈಟ್ ಮಾಡಿಕೊಟ್ಟವನು ಪುನೀತ. ಮಂಡ್ಯದ ಕಡೆಯ ಹುಡುಗ, ಹಿಂಜೆವಾಡಿಯಲ್ಲಿ ಕಂಪ್ಯೂಟರ್ ಕೆಲಸ. ತನ್ನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತ ನಿಂತಿದ್ದಾಗ ಎದುರಿನ ಕಟ್ಟಡದಿಂದ ಒಬ್ಬ ಬಿದ್ದದ್ದನ್ನು ಕಂಡವನು. ಕೆಳಗಿಳಿದು ಓಡಿದವನಿಗೆ ಅಲ್ಲಿ ಸಿಕ್ಕಿದವಳು ಮುಕಾದಮನ ಕೊರಳಪಟ್ಟಿ ಹಿಡಿದು ನಿಂತಿದ್ದ ದುರ್ಗಾ. "ಅಕ್ಕ, ನಿಮ್ಮನ್ನ ಜನ ಹೆಂಗೆ ಹುಡುಕ್ತಾರೆ?" ಎಂದು ಕೇಳಿದ್ದ. "ಹುಡುಕೂದ್ರಾಗ ಹೆಣ ಹೋಗಿಬಿಡ್ತದ ತಮ್ಮಾ" ಅಂದಿದ್ದಳು. ಸೈಟು ಹುಟ್ಟಿದ್ದು ಆ ಮಾತಿನಿಂದ.

ಅದರಲ್ಲಿ ಫೋಟೋ ಗೀಟೋ ಇರಲಿಲ್ಲ. ದೊಡ್ಡಕ್ಷರದ ಮೂರು ಸಾಲು: ‘ಹೆಣ ಎತ್ತಬ್ಯಾಡ್ರಿ. ಎತ್ತಗೊಡಬ್ಯಾಡ್ರಿ. ಮೊದಲು ಫೋನ್ ಮಾಡ್ರಿ.’ ಕೆಳಗೆ ನಂಬರು. ಯಾರಾದರೂ ಫೋನಿನಲ್ಲಿ ‘ಪುಣೆ ಹೆಣ ಊರಿಗೆ’ ಎಂದು ಒದರಿ ಸರ್ಚ್ ಮಾಡಿದರೆ, ಸೈಟು ತೆರೆಯುವ ಮುಂಚೆಯೇ ಆ ಮೂರು ಸಾಲು ಕಾಣುವ ಹಾಗೆ ಪುನೀತ ಮಾಡಿಟ್ಟಿದ್ದ. ಗಾಡಿ ಬೇಡವಾದವರೂ ಅಷ್ಟು ಓದಿ ಹೆಣದ ಮೇಲೆ ಕೈಯಿಟ್ಟು ಕುಳಿತದ್ದುಂಟು.

ಮಳೆಗಾಲದ ನಡುವೆ ಅತ್ತೆ ಅಂಬಾಬಾಯಿ ತೀರಿಕೊಂಡಳು. ಆಗ ಸೈಟಿನ ಮೇಲೆ ‘ನಮ್ಮ ಮನೆಯಲ್ಲಿ ಸಾವಾಗಿದೆ, ಕೆಲವು ದಿನ ಗಾಡಿ ಬರುವುದಿಲ್ಲ’ ಎಂದು ಪುನೀತ ಬೋರ್ಡು ಹಾಕಿದ. ಸೂತಕ ಕಳೆದ ಬೆಳಿಗ್ಗೆ ದುರ್ಗಾ ತಲೆಗೆ ನೀರು ಹಾಕಿಕೊಂಡು, ಅವನು ಕಲಿಸಿಕೊಟ್ಟಂತೆ ತನ್ನ ಕೈಯಾರೆ ಆ ಬೋರ್ಡನ್ನು ತೆಗೆದಳು. ಸೈಟು ಮೊದಲಿನ ಹಾಗೇ ಕಂಡಿತು. ಬಾಗಿಲು ತೆರೆಯಿತು ಅಂದುಕೊಂಡಳು. ಫೋನು ಬಾಯಿ ಹೊಲಿದುಕೊಂಡದ್ದು ಅಲ್ಲಿಂದಲೇ.

ಯಾಕೆಂದು ಕೇಳಲು ಬಂದವಳು ಶರಣಮ್ಮ.

ಬಂದವಳು ಹೊಸ್ತಿಲಾಚೆಯೇ ಕುಳಿತಳು. ಸಣ್ಣ ವಯಸ್ಸು, ಬರಿಗೊರಳು. ಹಿಂದೆ ಅವಳ ಅಣ್ಣ ಫೋನು ಹಿಡಿದು ನಿಂತಿದ್ದ.

"ಊರಗಾಡಿ ದುರ್ಗಕ್ಕ ಅಂದ್ರ ನೀವೇನ್ರಿ?"

"ಹೌದವ್ವಾ. ಒಳಗ ಬಾ."

"ಒಳಗ ಬರಂಗಿಲ್ರಿ. ನಂಗ ಸೂತಕ ಅದ."

ದುರ್ಗಾ ತಾನೇ ಹೊರಗೆ ಹೋಗಿ ಎದುರಿಗೆ ಕುಕ್ಕುರುಗಾಲಿನಲ್ಲಿ ಕುಳಿತಳು. ಶರಣಮ್ಮ ಅಳಲಿಲ್ಲ. ಅತ್ತು ಮುಗಿಸಿ ಬಂದವಳ ಹಾಗೆ ಒಣದನಿಯಲ್ಲಿ ಹೇಳಿದಳು. ಗಂಡ ಬಾಬು ಬಾಲೆವಾಡಿಯಲ್ಲಿ ಎತ್ತರದ ಕಟ್ಟಡದ ಹೊರಗೋಡೆಗೆ ಬಣ್ಣ ಹೊಡೆಯುತ್ತಿದ್ದ. ಜೋತುಬಿಟ್ಟ ಹಲಗೆಯ ಹಗ್ಗ ಹರಿಯಿತು. ಅವರ ಪಕ್ಕದೂರಿನ ಒಬ್ಬ ಹಿಂದೆ ಸತ್ತಾಗ ಊರಗಾಡಿ ಬಂದದ್ದು ಅವಳಿಗೆ ನೆನಪಿತ್ತು. ಹೆಸರು ನೆನಪಿತ್ತು, ನಂಬರು ಇರಲಿಲ್ಲ.

"ಹೆಣದ ಬಾಜೂಕ ಕುಂತ ಹುಡುಕಿದ್ವಿರಿ" ಅಂದ ಅಣ್ಣ. "ಊರಗಾಡಿ ಅಂತ ಬರದ್ರ ಟೂರಿನ ಬಸ್ಸು ಬರ್ತಾವ, ಲೋಣಾವಳಾಕ ಹೋಗೂ ಕಾರು ಬರ್ತಾವ. ನೀವು ಬರವಲ್ರಿ. ಅಷ್ಟ್ರಾಗ ಮನೋಹರ ಸೇಠ ತನ್ನ ಗಾಡಿನ ತಂದು ನಿಂದ್ರಿಸಿದ."

ಮನೋಹರ ಆ ಕಟ್ಟಡದ ಮುಕಾದಮ. ಕೂಲಿಯವರನ್ನು ತರುವವನೂ ಅವನೇ, ಕಳಿಸುವವನೂ ಅವನೇ.

"‘ತಂಗಿ, ನಿನ್ನ ಗಂಡನ್ನ ಯಾಕ ಕೊಯ್ಸಾಕ ಹಚ್ತಿ? ಇಡಿಯಾಗಿ ಹುಟ್ಟ್ಯಾನ, ಇಡಿಯಾಗಿ ಮಣ್ಣಿಗಿ ಹೋಗ್ಲಿ’ ಅಂದ" ಶರಣಮ್ಮ ಹೇಳಿದಳು. "ನಂಗ ಖರೆ ಅನಸ್ತು. ಒಯ್ದು ಮಣ್ಣು ಮಾಡಿದ್ವಿ. ಈಗ ಫೋನ್ ಮಾಡಿದ್ರ, ಯಾವ ಬಾಬು, ನಮ್ಮಲ್ಲಿ ಆ ಹೆಸರಿನವ್ರು ಕೆಲಸಕ್ಕ ಇರಲೇ ಇಲ್ಲ ಅಂತಾನ." ಅವಳು ದುರ್ಗಾಳ ಮುಖವನ್ನೇ ನೋಡಿದಳು. "ನಿಮ್ಮ ಹೆಸರು ಹುಡುಕಿದ್ವಿ ಅಕ್ಕಾ. ನೀವು ಸಿಗಲಿಲ್ಲ. ಯಾಕ?"

ದುರ್ಗಾ ತನ್ನ ಫೋನು ತೆಗೆದು ಮೊದಲ ಪುಟದಲ್ಲೇ ಇಟ್ಟುಕೊಂಡಿದ್ದ ಗುರುತು ಒತ್ತಿದಳು. ಸೈಟು ತೆರೆಯಿತು. ಮೂರು ಸಾಲು, ನಂಬರು, ಎಲ್ಲ ಇದ್ದಲ್ಲೇ ಇತ್ತು. ಅಣ್ಣ ತನ್ನ ಫೋನಿನಲ್ಲಿ ಸರ್ಚ್ ಮಾಡಿ ತೋರಿಸಿದ. ಟೂರಿನ ಬಸ್ಸುಗಳು. ಕೆಳಗೆಳೆದ. ಇನ್ನಷ್ಟು ಬಸ್ಸುಗಳು. ಎರಡು ಫೋನುಗಳನ್ನೂ ನೆಲದ ಮೇಲೆ ಒತ್ತೊತ್ತಿಗೆ ಇಟ್ಟು ಮೂವರೂ ನೋಡಿದರು. ಒಂದರಲ್ಲಿ ಊರಗಾಡಿ ಇತ್ತು, ಇನ್ನೊಂದರಲ್ಲಿ ಅದು ಹುಟ್ಟಿಯೇ ಇರಲಿಲ್ಲ.

"ಯಾರೋ ಕೈ ಆಡಿಸ್ಯಾರ" ಅಂದಳು ದುರ್ಗಾ. "ಹುಡುಕಿ ಹೇಳ್ತೀನಿ ತಂಗಿ. ಯಾರು ಅಂತ ನಿಂಗ ಹೇಳಲಾರ್ದ ಬಿಡಂಗಿಲ್ಲ."

ಸಂಘದ ಶಂಕ್ರೆಪ್ಪನಿಗೆ ಇಷ್ಟು ಕೇಳಿದ್ದೇ ಸಾಕಾಯಿತು. ಮೋರ್ಚಾಗಳಲ್ಲಿ ಹಲ್ಲು ಕಳೆದುಕೊಂಡ ಮುದುಕ, ಸಿಟ್ಟು ಮಾತ್ರ ಇನ್ನೂ ಎಳೆಯದು. ಬೀಡಿ ಎಸೆದು ಎದ್ದು ನಿಂತ.

"ಇದು ಆಗಿದ್ದಲ್ಲ, ಮಾಡಿದ್ದು. ಮನೋಹರ ಅಲ್ಲ, ಅವನ ಮ್ಯಾಲಿನ ಬಿಲ್ಡರ್ರು. ನಮ್ಮ ಗಾಡಿ ಅವ್ರ ಕಣ್ಣಾಗಿನ ಕಸ. ಸರ್ಚಿನ್ಯಾಗಿಂದ ಅಳಿಸಿ ಹಾಕ್ಸ್ಯಾರ. ಸೋಮವಾರ ಶಿವಾಜಿನಗರಕ್ಕ ಹೊಂಡ್ರಿ. ಕಾರ್ಮಿಕ ಕಚೇರಿ ಮುಂದ ಕುಂಡ್ರೂನು."

"ಪುನೀತನ್ನ ಒಂದ್ಸಲ ಕೇಳೂನು ಕಾಕಾ."

"ಕೇಳು. ಅಂವಾ ಏನ್ ಹೇಳ್ತಾನ? ಇಂಗ್ಲಿಷಿನ್ಯಾಗ ಇದನ್ನೇ ಹೇಳ್ತಾನ."

ಮಾತು ಚೌಕದ ಕೂಲಿ ನಾಕಾ ಮುಟ್ಟಿತು. ಬೆಳಿಗ್ಗೆ ಕೂಲಿಗೆ ನಿಲ್ಲುವ ಮಂದಿಯ ಬಾಯಲ್ಲಿ ಅದು ದಿನಕ್ಕೊಂದು ಕೈಕಾಲು ಬೆಳೆಸಿಕೊಂಡಿತು. ಬಿಲ್ಡರು ದಿಲ್ಲಿಗೆ ಹೋಗಿ ಬಂದಿದ್ದಾನಂತೆ, ಮನೋಹರ ಮಂತ್ರ ಮಾಡಿಸಿದ್ದಾನಂತೆ. ಬಹಳ ದಿನಗಳ ಮೇಲೆ ನಾಕಾದ ಮಂದಿ ಒಂದಾಗಿ ಸಿಟ್ಟಾದರು. ದುರ್ಗಾಳಿಗೂ ಹಾಯೆನಿಸಿತ್ತು. ವೈರಿಯ ಹೆಸರು ಗೊತ್ತಾದರೆ ರೊಟ್ಟಿಯೂ ನೆಟ್ಟಗೆ ಇಳಿಯುತ್ತದೆ.

ಪುನೀತ ಭಾನುವಾರ ಬಂದ. ಅತ್ತೆ ಸತ್ತ ಮೇಲೆ ಮೊದಲ ಸಲ ಬಂದವನು, ಏನು ಮಾತಾಡಬೇಕೆಂದು ತಿಳಿಯದೆ ಬಾಗಿಲಲ್ಲೇ ಚಪ್ಪಲಿ ಬಿಚ್ಚುವುದನ್ನು ಉದ್ದ ಮಾಡಿದ. ಕೈಯಲ್ಲಿ ಬಾಳೆಹಣ್ಣಿನ ಚೀಲ.

"ಈಗ ನೆನಪಾತೇನಪಾ ಅಕ್ಕಂದು?" ದುರ್ಗಾ ಕುಟುಕಿದಳು.

"ಬರ್ಬೇಕು ಅಂತಾನೇ ಇದ್ದೆ ಅಕ್ಕ. ಡಿಸ್ಟರ್ಬ್ ಮಾಡೋದು ಬೇಡ ಅಂತ..." ಅಂದವನು ಲ್ಯಾಪ್‌ಟಾಪ್ ತೆಗೆದು ಹಾಸಿದ ಕೌದಿಯ ಮೇಲೆ ಕುಳಿತ. ಸುತ್ತ ದುರ್ಗಾ, ಅವ್ವಣ್ಣ, ಶಂಕ್ರೆಪ್ಪ. ದವಾಖಾನೆಯಲ್ಲಿ ಡಾಕ್ಟರು ಎದೆಗೆ ಕೊಳವೆ ಇಟ್ಟಾಗ ಸಂಬಂಧಿಕರು ಬಾಯಿ ನೋಡುವ ಹಾಗೆ ನೋಡುತ್ತಿದ್ದರು.

"ಸೈಟ್ ಸತ್ತಿಲ್ಲ. ಸರ್ಚ್‌ನಲ್ಲಿ ಮಾತ್ರ ಇಲ್ಲ. ಅದು ಬೇರೆ ಕಾಯಿಲೆ."

"ವಿಷ ಹಾಕ್ಯಾರ" ಅಂದ ಶಂಕ್ರೆಪ್ಪ.

"ನೋಡೋಣ ಕಾಕಾ." ಪುನೀತ ಒಂದೊಂದೇ ಬಾಗಿಲು ತಟ್ಟುತ್ತ ಹೋದ. ಸೈಟಿನ ಹೆಸರಿನ ಅವಧಿ ಮುಗಿದು ಬೇರೆಯವರು ಹಿಡಿದಿದ್ದಾರೆಯೇ? ಇಲ್ಲ, ಇವರ ಹೆಸರಲ್ಲೇ ಇದೆ. ಕಳ್ಳರು ಒಳಗೆ ಹೊಕ್ಕಿದ್ದಾರೆಯೇ? ಒಳಗೆ ಬಂದುಹೋದವರ ಪಟ್ಟಿಯಲ್ಲಿ ತಾನು ಮತ್ತು ದುರ್ಗಾ, ಇಬ್ಬರೇ. ಇದನ್ನೇ ನಕಲು ಮಾಡಿ ಬೇರೆ ಯಾರಾದರೂ ಮೇಲೆ ಹತ್ತಿ ಕುಳಿತಿದ್ದಾರೆಯೇ? ಆ ಮೂರು ಸಾಲನ್ನು ಇದ್ದ ಹಾಗೇ ಹಾಕಿ ಹುಡುಕಿದ, ಎಲ್ಲಿಯೂ ಇಲ್ಲ. ಯಾರಾದರೂ ದೂರು ಕೊಟ್ಟು ದಂಡ ಹಾಕಿಸಿದ್ದಾರೆಯೇ?

"ಇಲ್ಲಿ ನೋಡು, ಇಲ್ಲೇ ಇರ್ತದ" ಎಂದು ಶಂಕ್ರೆಪ್ಪ ಮುಂದೆ ಸರಿದ.

ಅಲ್ಲೂ ಇರಲಿಲ್ಲ. ದೂರಿಲ್ಲ, ದಂಡವಿಲ್ಲ. ಸರ್ಚಿನವರು ಸೈಟಿನ ಯಜಮಾನರಿಗೆಂದು ಕೊಡುವ ವರದಿಯನ್ನು ಪುನೀತ ಕೊನೆಗೆ ತೆರೆದ. ಓದಿದ. ಮತ್ತೆ ಓದಿದ. ಅವನ ಕಿವಿಗಳು ಕೆಂಪಾದವು.

"ಏನಪಾ?"

"ಅಕ್ಕ... ಸರ್ಚ್‌ನವರದು ಒಂದು ಮಿಷನ್ ಇರುತ್ತೆ. ಜನಗಣತಿಯವ್ರ ಥರ ಊರೆಲ್ಲ ಸುತ್ತಿ ಬಾಗಿಲು ಬಾಗಿಲಿಗೂ ಬಂದು ಹೆಸರು ಬರ್ಕೊಂಡು ಹೋಗುತ್ತೆ. ಯಾರಾದ್ರೂ ಹುಡುಕಿದ್ರೆ ಆ ಪುಸ್ತಕ ನೋಡಿ ಹೇಳುತ್ತೆ. ನಮ್ಮ ಬಾಗಿಲಿಗೂ ಬಂದಿದೆ. ಆದ್ರೆ ಬಾಗಿಲ ಮೇಲೆ ‘ನಮ್ಮ ಹೆಸರು ಬರ್ಕೋಬೇಡಿ’ ಅಂತ ಚೀಟಿ ಇದೆ. ಒಳಗಿರೋ ಚೀಟಿ, ನಮ್ಮ ಕಣ್ಣಿಗೆ ಕಾಣಲ್ಲ, ಮಿಷನ್‌ಗೆ ಮಾತ್ರ ಕಾಣುತ್ತೆ. ಅದು ಸರಿ ಅಂತ ಮೊದಲು ಬರ್ಕೊಂಡಿದ್ದನ್ನೂ ಹೊಡೆದು ಹಾಕಿದೆ."

"ಯಾವ ಸೂಳೆಮಗ ಹಚ್ಯಾನ ಚೀಟಿ?" ಶಂಕ್ರೆಪ್ಪ ಗುಡುಗಿದ.

ಪುನೀತ ತಲೆ ಎತ್ತಲಿಲ್ಲ. "ನಾನೇ ಕಾಕಾ."

ಅತ್ತೆ ಸತ್ತ ಮಾರನೆಯ ದಿನದ ಫೋನು ಆಗ ದುರ್ಗಾಳಿಗೆ ನೆನಪಾಯಿತು. ಎಲ್ಲ ಒಟ್ಟಿಗೇ ನೆನಪಾಯಿತು. ಮುದುಕಿಗೆ ಆ ಫೋನು ಕಂಡರಾಗುತ್ತಿರಲಿಲ್ಲ. ಮಂದಿಯ ಮನೆಯ ಸಾವನ್ನು ದಿನಾ ಕರೆದು ಕರೆದು ನಮ್ಮ ಮನೆ ತೋರಿಸುತ್ತೀರಿ ಎಂದು ಬಯ್ಯುತ್ತಿದ್ದಳು. ನಾನು ಸತ್ತಾಗಲಾದರೂ ಅದನ್ನು ಬಂದ್ ಇಡಿರಿ ಎಂದು ಭಾಷೆ ತೆಗೆದುಕೊಂಡಿದ್ದಳು. ದಿನಾ ಹೆಣ ಮುಟ್ಟುವವರಿಗೆ ಎಂಥ ಸೂತಕ ಎಂದು ಅವ್ವಣ್ಣ ಗೊಣಗಿದರೂ ದುರ್ಗಾ ಕೇಳಿರಲಿಲ್ಲ. ಪುನೀತ ಬೋರ್ಡು ಹಾಕುತ್ತೇನೆ ಅಂದಾಗ ಅದೂ ಸಾಲದೆಂದಳು. ಸೂತಕದ ಮನೆಯ ಹೆಸರು ಇನ್ನೊಬ್ಬರ ಸಾವಿನ ಮನೆಯಲ್ಲಿ ಕಾಣಿಸಬಾರದು, ಹುಡುಕಿದರೂ ಸಿಗಬಾರದು. ಹಾಗೆ ಮಾಡಲು ಬರುತ್ತದೇನು ಎಂದು ಕೇಳಿದ್ದಳು. ಬರುತ್ತದೆ ಅಂದಿದ್ದ. ಹಾಗಾದರೆ ಮಾಡು, ನಾವು ಹೇಳುವ ತನಕ ತೆಗೆಯಬೇಡ ಅಂದಿದ್ದಳು. ಬಾಯಿ ಮೇಲೆ ಸೆರಗಿಟ್ಟುಕೊಂಡು ಹೇಳಿದ ಮಾತು. ಬೋರ್ಡು ತೆಗೆದರೆ ಅದೂ ಹೋದೀತೆಂದು ತಿಳಿದು ಮರೆತೇಬಿಟ್ಟಿದ್ದಳು.

"ಮತ್ತ ತಗೀಲಿಲ್ಲ ಯಾಕ?" ಅವಳ ದನಿ ಕೀರಲಾಗಿತ್ತು.

"ನೀವೇ ಹೇಳ್ತೀನಿ ಅಂದಿದ್ರಿ ಅಕ್ಕ. ಸಾವಿನ ಮನೆಗೆ ಫೋನ್ ಮಾಡಿ ‘ಮುಗೀತಾ’ ಅಂತ ನಾನು ಹೆಂಗೆ ಕೇಳ್ಲಿ?"

"ಸಾವಿನ ಮನಿಯವ್ರು ತಾವಾಗಿ ಯಾರ ಮನಿಗೂ ಹೋಗಂಗಿಲ್ಲೋ. ಮಂದಿ ಬಂದು ಹೊರಗ ಕರೀಬೇಕು. ನೀ ಬಂದು ಕರೀತಿ ಅಂತ ನಾ..."

ಇವಳು ಅವನು ಬರಲೆಂದು ಕುಳಿತಳು, ಅವನು ಇವಳು ಕರೆಯಲೆಂದು ಕುಳಿತ. ಇಬ್ಬರೂ ರೀತಿ ತಪ್ಪಲಿಲ್ಲ. ನಡುವೆ ಬಾಬು ಬಿದ್ದ.

ಪುನೀತ ಚೀಟಿ ಕಿತ್ತ. ಒಂದು ಚೌಕದೊಳಗಿನ ಸರಿಗುರುತು ಅಳಿಸಿದ, ಅಷ್ಟೆ. ಅವನಿಗಿಟ್ಟ ಚಹದ ಮೇಲೆ ಇನ್ನೂ ಕೆನೆ ಕಟ್ಟಿರಲಿಲ್ಲ. ಮಿಷನ್ ಬೇಗ ತಿರುಗಿ ಬರಲೆಂದು ಅರ್ಜಿಯನ್ನೂ ಹಾಕಿದ. "ಬಂದು ನೋಡ್ಬೇಕು, ಮತ್ತೆ ಬರ್ಕೋಬೇಕು. ದಿನಗಳೂ ಆಗ್ಬಹುದು, ವಾರಗಳೂ ಆಗ್ಬಹುದು. ಅದು ನಮ್ಮ ಕೈಲಿಲ್ಲ."

ಶಂಕ್ರೆಪ್ಪ ಬಾಗಿಲು ಮುಂದೆ ಮಾಡಿ ಬಂದು ಕುಳಿತ.

"ಈ ಮಾತು ಈ ಖೋಲಿ ಬಿಟ್ಟು ಹೋಗಬಾರ್ದು."

"ಕಾಕಾ..."

"ನಾಳೆ ಮಂದಿ ಕೂಲಿ ಬಿಟ್ಟು ಬರಾಕತ್ತಾರ. ಎಷ್ಟ್ ವರ್ಷ ಆತು ನಾಕಾ ಎದ್ದು? ‘ನಮ್ಮ ದುರ್ಗಿ ಸೂತಕಾ ಅಂತ ತಾನ ಬಾಗ್ಲಾ ಹಾಕ್ಕೊಂಡಿದ್ಳು’ ಅಂದ್ರ ನಕ್ಕು ಮನಿಗಿ ಹೋಗ್ತಾರ. ಮನೋಹರ ಪೇಢೆ ಹಂಚ್ತಾನ."

"ಸುಳ್ಳು ಹೇಳೂದೇನು?"

"ಏನ್ ಸುಳ್ಳು? ಹೆಣ ಹೊತ್ತು ಹಾಕಿದ್ದು ಸುಳ್ಳೇನು? ಹಗ್ಗ ಹರಿದಿದ್ದು ಸುಳ್ಳೇನು? ಅವ್ರು ಮಾಡಿದ್ದು ನೂರದ. ಅದರಾಗ ಇದೊಂದು ಸೇರಿದ್ರ ಅವ್ರ ಗಂಟೇನು ಹೋಗ್ತದ?"

ದುರ್ಗಾ ಒಲೆಯ ಕಡೆ ನೋಡಿದಳು. ಮುದುಕನ ಮಾತು ಸುಳ್ಳಲ್ಲ ಅನ್ನುವುದೇ ಸಂಕಟವಾಗಿತ್ತು. ಸುಮ್ಮನಿದ್ದರೆ ಸಾಕು, ಯಾರಿಗೂ ಗೊತ್ತಾಗುವುದಿಲ್ಲ. ಚೀಟಿ ಕಿತ್ತಾಗಿದೆ. ಆದರೆ ಶರಣಮ್ಮ ಮನೋಹರ ಎಂಥವನು ಎಂದು ಕೇಳಿರಲಿಲ್ಲ. ಊರಗಾಡಿ ಯಾಕೆ ಸಿಗಲಿಲ್ಲ ಎಂದು ಕೇಳಿದ್ದಳು. ಹಿಂದೆ ತಾಡಪತ್ರಿಯಲ್ಲಿ ಸುತ್ತಿದ ತಮ್ಮನ ಪಕ್ಕ ಕುಳಿತು ಟೆಂಪೋದಲ್ಲಿ ಹೋದವಳಿಗೂ ಯಾರೋ ಬಣ್ಣ ಹಚ್ಚಿದ ಉತ್ತರವನ್ನೇ ಕೊಟ್ಟಿದ್ದರು.

ಸೋಮವಾರ ಶಿವಾಜಿನಗರದ ಕಚೇರಿಯ ಗೇಟಿನ ಮುಂದೆ ಮಂದಿ ಚೆನ್ನಾಗಿ ನೆರೆದಿತ್ತು. ಬುಟ್ಟಿ ಸಲಿಕೆಗಳನ್ನು ಕಾಲಡಿಗೆ ಇಟ್ಟು ಕುಳಿತಿದ್ದರು. ಶರಣಮ್ಮ ಕಂಪೌಂಡಿಗೆ ಒರಗಿ, ಯಾರನ್ನೂ ಮುಟ್ಟದಂತೆ ದೂರ ಕುಳಿತಿದ್ದಳು. ಶಂಕ್ರೆಪ್ಪ ಕನ್ನಡದಲ್ಲಿ ಒಂದು ಮಾತು, ಮರಾಠಿಯಲ್ಲಿ ಒಂದು ಮಾತು ಎಸೆಯುತ್ತ ಮೈಕು ನಡುಗಿಸಿದ. ಕೊನೆಗೆ ಕೈ ಎತ್ತಿ ಕೂಗಿದ:

"ಊರಗಾಡಿ ಮುಚ್ಚಿದವರಿಗೆ..."

"ಧಿಕ್ಕಾರ!" ಮಂದಿ ಕೂಗಿತು.

ಎಷ್ಟೋ ಮೋರ್ಚಾಗಳಲ್ಲಿ ಗಂಟಲು ಹರಿಯುವಂತೆ ಆ ಪದ ಕೂಗಿದವಳು ದುರ್ಗಾ. ಅದು ಮೈಮೇಲೆ ಬಿದ್ದರೆ ಹೇಗಿರುತ್ತದೆಂದು ಈಗ ಗೊತ್ತಾಯಿತು. ಎರಡನೆಯ ಸಲ ಕೂಗಿದಾಗ ಎದ್ದಳು. ಮೂರನೆಯದಕ್ಕೆ ಮುಂಚೆ ಮುದುಕನ ಕೈಯಿಂದ ಮೈಕು ತೆಗೆದುಕೊಂಡಳು. ಅವನು ಒಂದು ಗಳಿಗೆ ಬಿಡಲಿಲ್ಲ, ಆಮೇಲೆ ಬಿಟ್ಟ.

"ಊರಗಾಡಿ ಮುಚ್ಚಿದಾಕಿ ನಾನು" ಅಂದಳು.

ಮಂದಿಗೆ ತಿಳಿಯಲಿಲ್ಲ. ಒಬ್ಬಿಬ್ಬರು ರೂಢಿಯಂತೆ ಚಪ್ಪಾಳೆ ತಟ್ಟಿದರು.

"ಬಿಲ್ಡರ್ರಲ್ಲ, ಮನೋಹರಲ್ಲ. ನಮ್ಮತ್ತಿ ಸತ್ತಾಗ ಸೂತಕ ಅಂತ ಹೇಳಿ, ನಮ್ಮ ಹೆಸರು ಯಾರಿಗೂ ಸಿಗಬಾರ್ದು ಅಂತ ನಾನ ಬಂದ್ ಮಾಡ್ಸೀನಿ. ತಗ್ಯಾಕ ಹೇಳಲಿಲ್ಲ. ಶರಣಮ್ಮ ಗಂಡನ ಹೆಣದ ಬಾಜೂಕ ಕುಂತು ನನ್ನ ಹುಡುಕ್ಯಾಳ, ನಾ ಇರಲಿಲ್ಲ. ಇದು ನಂದು. ಹಗ್ಗ ಹರೀತಲ್ಲ, ಹೆಣ ಹೊತ್ತು ಹಾಕಿದ್ರಲ್ಲ, ಅದು ಅವ್ರದು. ಅವ್ರದು ಅವ್ರಿಗಿ ಹಚ್ರಿ. ನಂದನ್ನೂ ಅವ್ರಿಗಿ ಹಚ್ಚಬ್ಯಾಡ್ರಿ."

ಮೊದಲು ಗುಜುಗುಜು, ಆಮೇಲೆ ಹಿಂದಿನ ಸಾಲಿನಿಂದ ಒಂದು ನಗು. "ಇಷ್ಟಕ್ಕ ಕೂಲಿ ಬಿಟ್ಟು ಬಂದ್ವೇನಲೇ!" ಒಬ್ಬ ಸಲಿಕೆ ಎತ್ತಿಕೊಂಡ. ಅವನ ಹಿಂದೆ ಇನ್ನೊಬ್ಬ. ಗೇಟಿನೊಳಗೆ ನಿಂತಿದ್ದ ಜವಾನನೊಬ್ಬ ಪಕ್ಕದವನಿಗೆ ಮರಾಠಿಯಲ್ಲಿ ಏನೋ ಹೇಳಿ ಇಬ್ಬರೂ ಹಲ್ಲು ಕಿರಿದರು. ಶಂಕ್ರೆಪ್ಪ ದುರ್ಗಾಳ ಕಡೆ ನೋಡಲಿಲ್ಲ. ಮೈಕಿನ ವೈರು ಸುತ್ತತೊಡಗಿದ. ಅರ್ಧ ಮಂದಿ ಹೋಯಿತು. ಉಳಿದ ಅರ್ಧ ಯಾಕೆ ಉಳಿದಿದ್ದೇವೆಂದು ತಿಳಿಯದೆ ಉಳಿಯಿತು.

ಒಳಗೆ ಸಾಹೇಬ ಮನವಿ ತೆಗೆದುಕೊಂಡ. ಕೆಟ್ಟವನೇನಲ್ಲ. ಕುರ್ಚಿ ತೋರಿಸಿದ. ಹಿಂದೆ ಬೇರೆ ಸಾಹೇಬ ಕೇಳಿದ್ದನ್ನೇ ಇವನೂ ಕೇಳಿದ: ಕೊಯ್ದು ನೋಡಿದ ಕಾಗದ ಎಲ್ಲಿ?

ಹೊರಗೆ ಬಂದಾಗ ಶರಣಮ್ಮ ಅಲ್ಲೇ ಇದ್ದಳು. ಬೈದಾಳು, ಉಗಿದಾಳು ಎಂದು ದುರ್ಗಾ ಎದುರಿಗೆ ಹೋಗಿ ನಿಂತಳು. ಅವಳು ಎರಡನ್ನೂ ಮಾಡಲಿಲ್ಲ.

"ನಿನ್ನ ತಮ್ಮ ಹಿಂಗ ಸತ್ತಿದ್ನಂತ. ಮಣ್ಣು ತಗಿಸಿ ನೋಡಸ್ಬಹುದಿತ್ತಂತ. ಅವ್ವಣ್ಣ ಹೇಳಿದ."

"ನಮ್ಮವ್ವ ಒಲ್ಲೆ ಅಂದ್ಳು."

"ನೀ ಏನಂದಿ?"

"ನಾ ಏನೂ ಅನ್ನಲಿಲ್ಲ."

ಶರಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಊರಾಗ ಮಾವ ಅಂತಾನ, ಸೂತಕ ಕಳೀಲಿ, ಆಮ್ಯಾಲ ವಿಚಾರ ಮಾಡೂನು ಅಂತ. ಅಷ್ಟ್ರಾಗ ಮಣ್ಣಿನ್ಯಾಗ ಏನುಳೀತದ? ನೀ ಕಾದಿ. ನಾ ಕಾಯಂಗಿಲ್ಲ. ತಹಶೀಲ್ದಾರಗ ಅರ್ಜಿ ಕೊಟ್ರ ತಗಿಸ್ತಾರಂತಲ್ಲ?"

"ತಗಿಸ್ತಾರ. ಆದ್ರ ಖಾತ್ರಿ ಇಲ್ಲವ್ವಾ. ಓಡಾಡಸ್ತಾರ. ಊರವ್ರು ನಿನ್ನ ಮಾರಿ ನೋಡಂಗಿಲ್ಲ. ತಗದಾಗ ನೀ ಅಲ್ಲೇ ನಿಂತು, ಇಂವಾ ನನ್ನ ಗಂಡ ಅಂತ ಗುರುತು ಹೇಳ್ಬೇಕು."

"ಹೇಳ್ತೀನಿ."

"ನಾನೂ ಬರ್ತೀನಿ."

"ಬಾ. ಮಾಫಿ ಮಾಡೀನಿ ಅಂತ ತಿಳೀಬ್ಯಾಡ. ನಿಂಗ ಕಾನೂನು ಗೊತ್ತದ, ಅದಕ್ಕ ಬಾ ಅನ್ನಾಕತ್ತೀನಿ." ಅವ್ವಣ್ಣನ ಕಡೆ ತಿರುಗಿದಳು. "ಅ‍ಣ್ಣಾ, ಗಾಡಿ ತಗಿ."

ಹೊರಡುವ ಮುಂಚೆ ಒಂದು ಕೆಲಸವಾಯಿತು. ಬಾಲೆವಾಡಿಯಲ್ಲಿ ಬಾಬುವಿನ ತಗಡಿನ ಖೋಲಿ ಖಾಲಿ ಮಾಡಲು ಹೋದಾಗ ಶರಣಮ್ಮನ ಅಣ್ಣನಿಗೆ ಅರ್ಧ ಡಬ್ಬಿ ಬಣ್ಣ, ಒಂದು ಬ್ರಷ್ ಸಿಕ್ಕವು. ಕಟ್ಟಡದ ಸುತ್ತಲಿನ ತಗಡಿನ ಬೇಲಿಯ ಮೇಲೆ, ರಸ್ತೆಗೆ ಕಾಣುವ ಹಾಗೆ, ಆ ಮೂರು ಸಾಲನ್ನೂ ನಂಬರನ್ನೂ ಬರೆದ. ಅಕ್ಷರ ಸೊಟ್ಟಗಿದ್ದವು. ಮನೋಹರನ ಮಂದಿ ಸಂಜೆಯೊಳಗೆ ಒರೆಸುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಡಬ್ಬಿ ನಾಕಾದ ಒಬ್ಬನ ಕೈಗೆ ಹೋಯಿತು. ಅವನು ಅದನ್ನು ಹಿಡಿದು ಮುಂದಿನ ಕಟ್ಟಡದ ಬೇಲಿಯ ಕಡೆಗೆ ನಡೆದ. ಮೋರ್ಚಾದಲ್ಲಿ ನಕ್ಕವನೇ ಅವನು.

ಗಾಡಿ ಹಡಪಸರ ದಾಟಿತು. ಮುಂದಿನ ಸೀಟಿನಲ್ಲಿ ಅವ್ವಣ್ಣ, ನಡುವೆ ದುರ್ಗಾ, ಕಿಟಕಿಗೆ ಶರಣಮ್ಮ. ಹಿಂದೆ ಖಾಲಿ ಸ್ಟ್ರೆಚರು ಗುಂಡಿಗೊಮ್ಮೆ ಕುಣಿಯುತ್ತಿತ್ತು. ಅದರ ಪಕ್ಕ ಅಣ್ಣ ಮಂಡಿ ಹಿಡಿದು ಕುಳಿತಿದ್ದ. ಈ ಗಾಡಿ ಯಾವಾಗಲೂ ಹೆಣ ಹೊತ್ತು ಈ ರಸ್ತೆಗೆ ಬರುತ್ತಿತ್ತು. ಇವತ್ತು ಹೆಣ ಎಬ್ಬಿಸಲು ಹೊರಟಿತ್ತು.

ಸೂತಕದವಳ ತೋಳು ದುರ್ಗಾಳ ತೋಳಿಗೆ ತಾಕುತ್ತಿತ್ತು. ಸರಿದು ಕೂರಲು ಜಾಗವಿರಲಿಲ್ಲ, ಇಬ್ಬರೂ ಸರಿಯಲೂ ಇಲ್ಲ.

ದುರ್ಗಾ ಫೋನು ತೆಗೆದು ‘ಊರಗಾಡಿ’ ಎಂದು ಸರ್ಚ್ ಮಾಡಿದಳು. ಟೂರಿನ ಬಸ್ಸುಗಳು. ಶರಣಮ್ಮ ಬಗ್ಗಿ ನೋಡಿದಳು.

"ಇನ್ನೂ ಬಂದಿಲ್ಲೇನು?"

"ಇಲ್ಲ."

"ಅದು ಬರೂತನಕ ಬೀಳೂವ್ರು ಏನ್ ಮಾಡ್ಬೇಕು?"

ದುರ್ಗಾ ಫೋನನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು, ಅದರ ಗಂಟೆಯ ದನಿ ಪೂರ್ತಿ ಏರಿಸಿ, ರಸ್ತೆ ನೋಡುತ್ತ ಕುಳಿತಳು. ಅವ್ವಣ್ಣ ಗೇರು ಬದಲಿಸಿದ. ಸೊಲ್ಲಾಪುರದ ರಸ್ತೆಯಲ್ಲಿ ಸಿಮೆಂಟಿನ ಲಾರಿಗಳು ಪುಣೆಯ ಕಡೆಗೆ ಸಾಲುಗಟ್ಟಿ ಬರುತ್ತಲೇ ಇದ್ದವು.